ಅರಿವೆಯಿಂದ ಅರಳೆಗೆ: ಕಾರವಾರದ ದಾರಿ

ಪರಕೀಯರ ಆಳ್ವಿಕೆಯು ಪುರಾತನ ನಾಡೊಂದರ ಮೇಲೆ ಮಾಡಿದ ಪರಿಣಾಮವನ್ನು ಯುದ್ಧ, ಒಡಂಬಡಿಕೆ, ಕಂದಾಯಗಳಿಂದ ಅಳೆಯುವುದು ವಾಡಿಕೆ. ಕಾಯಕದಿಂದ ಅಳೆದು ನೋಡಿದವರು ವಿರಳ. ಹಾಗೆ ಅಳೆಯುವುದಕ್ಕೆ ಕಾರವಾರ, ಅಂಕೋಲೆಗಳ ಮೂಲಕ ಸಾಗಿದ ಹತ್ತಿಯ ವೃತ್ತಾಂತವೇ ಸಾಕು.

17ನೆಯ ಶತಮಾನದಲ್ಲಿ ಆಂಗ್ಲ ವರ್ತಕರು ಕಾರವಾರದಲ್ಲಿ ಕೋಠಿ ತೆರೆದರು. ಅದು ಈಗಿನ ಪಟ್ಟಣವಲ್ಲ. ಹಳೆಯ ಪೇಟೆ ಕಾಳಿ ನದಿಯ ಒಳಬದಿಯಲ್ಲಿ, ಕದವಾಡದ ಹತ್ತಿರವಿತ್ತು. ಅಲ್ಲಿಂದ ಹಡಗು ಏರಿದುದು ಮೆಣಸು ಏಲಕ್ಕಿ ಮಾತ್ರವಲ್ಲ, ನವುರಾದ ಅರಿವೆಯೂ ಹೌದು. ಅದನ್ನು ನೇಯ್ದವರು ಘಟ್ಟದ ಮೇಲಣ ಹುಬ್ಬಳ್ಳಿ ಸೀಮೆಯ ನೇಕಾರರು. ಅವರ ಸಂಖ್ಯೆ 50,000ದಷ್ಟಿತ್ತೆಂದು 1883ರ ಮುಂಬಯಿ ಗ್ಯಾಸೆಟಿಯರು ಹೇಳುತ್ತದೆ. ಇದರಲ್ಲಿ ತುಸು ಉತ್ಪ್ರೇಕ್ಷೆಯಿದ್ದರೂ ಇರಬಹುದು. ಆದರೆ ಆಗ ಆಂಗ್ಲನು ಬಾಗಿಲಿಗೆ ಬಂದು ನಿಂತ ಗಿರಾಕಿಯಾಗಿದ್ದನೆಂಬುದರಲ್ಲಿ ಸಂಶಯವಿಲ್ಲ.

ಈ ಅರಿವೆಯ ಹಿಂದೆ ಇದ್ದುದು ಕೇವಲ ವ್ಯಾಪಾರವಲ್ಲ. ಜೇಡರ ದಾಸಿಮಯ್ಯನದು ಮಗ್ಗದ ಕಾಯಕ. ಕದಿರ ರೆಮ್ಮವ್ವೆಯಂತೂ ತಾನು ತಿರುಗಿಸುವ ರಾಟೆಯ ಅಡಿಹಲಗೆಯಿಂದ ಮೊದಲುಗೊಂಡು ಒಂದೊಂದು ಅಂಗದಲ್ಲಿಯೂ ತತ್ತ್ವವನ್ನು ಕಂಡವಳು. ನೂಲುವ ಹೆಣ್ಣುಮಗಳು ತನ್ನ ದುಡಿಮೆಯನ್ನೇ ಅನುಭಾವದ ಭಾಷೆಯನ್ನಾಗಿಸಿದ ಇಂಥ ನಿದರ್ಶನ ಅಪೂರ್ವವಾದುದು.

1799ರಲ್ಲಿ ಟಿಪ್ಪುವಿನ ಪತನದೊಡನೆ ಕೆನರಾ ಸೀಮೆ ಕಂಪನಿಯ ವಶವಾಯಿತು. 1861ರಲ್ಲಿ ಅಮೆರಿಕದಲ್ಲಿ ಅಂತರ್ಯುದ್ಧ ಹೊತ್ತಿಕೊಂಡು ಮ್ಯಾಂಚೆಸ್ಟರಿನ ಗಿರಣಿಗಳಿಗೆ ಹತ್ತಿಯ ಅಭಾವವಾದಾಗ ಅಲ್ಲಿಯ ವರ್ತಕರ ದೃಷ್ಟಿ ಧಾರವಾಡದ ಎರೆಭೂಮಿಯ ಮೇಲೆ ಬಿದ್ದಿತು. ಈಗ ಅವರಿಗೆ ಬೇಕಾದುದು ಅರಿವೆಯಲ್ಲ, ಅರಳೆ. ಹತ್ತಿಯ ಹೊಲ ಮುಂಬಯಿ ಸರಕಾರದಲ್ಲಿ, ಬಂದರು ಮದರಾಸು ಸರಕಾರದಲ್ಲಿ ಇದ್ದುದು ಅವರಿಗೆ ತೊಡಕಾಯಿತು. 1862ರಲ್ಲಿ ಉತ್ತರ ಕನ್ನಡವನ್ನು ಮುಂಬಯಿಗೆ ಸೇರಿಸಲಾಯಿತು. ಕಾರವಾರ ಜಿಲ್ಲೆಯ ಕೇಂದ್ರಸ್ಥಾನವಾಯಿತು. ಜಿಲ್ಲೆಯೊಂದರ ಎಲ್ಲೆ ಯಾರ ಅನುಕೂಲಕ್ಕಾಗಿ ಬದಲಾಯಿತೆಂಬುದು ಗಮನಾರ್ಹ. ಮ್ಯಾಂಚೆಸ್ಟರಿನ ಕಂಪನಿಯೊಂದು ಸದಾಶಿವಗಡದಲ್ಲಿ ಯಂತ್ರಗಳನ್ನು ಇಳಿಸಿಯೂ ಬಿಟ್ಟಿತು. ಅವನ್ನು ಮೇಲಕ್ಕೆ ಒಯ್ಯುವ ರಸ್ತೆ ಮಾತ್ರ ಸಿದ್ಧವಿರಲಿಲ್ಲ! ಕೈಗಾ ಘಟ್ಟದ ದಾರಿಯೂ, ಯಲ್ಲಾಪುರದಿಂದ ಅರಬೈಲಿನ ಮೂಲಕ ಅಂಕೋಲೆಗೆ ಇಳಿಯುವ ದಾರಿಯೂ ಹತ್ತಿಯ ಬಂಡಿಗಳಿಗೆ ಒದಗಿದುವು.

ಕೆಳಗಿಳಿದ ಅರಳೆ ಗಿರಣಿಯ ನೂಲಾಗಿ, ಬಟ್ಟೆಯಾಗಿ ಮರಳಿ ಬಂದಿತು. ಹೊರಗಿನಿಂದ ಬರುವ ಬಟ್ಟೆಯ ಮೇಲಿನ ಸುಂಕವನ್ನು 1882ರಲ್ಲಿ ತೆಗೆದುಹಾಕಿದರು. ಮುಂದೆ ಮತ್ತೆ ವಿಧಿಸಿದ ಸುಂಕವನ್ನು 1896ರಲ್ಲಿ ಶೇಕಡಾ 3½ಕ್ಕೆ ಇಳಿಸಿದಾಗ ನಮ್ಮ ಗಿರಣಿಗಳ ಬಟ್ಟೆಗೂ ಅಷ್ಟೇ ತೆರಿಗೆ ಹೇರಿದರು. ಇದರಿಂದ ನೇಯ್ಗೆ ಸಂಪೂರ್ಣ ನಾಶವಾಯಿತೆಂದು ಹೇಳುವುದು ಸರಿಯಲ್ಲ. ಇಳಕಲ್ಲಿನ ಸೀರೆ, ಗುಳೇದಗುಡ್ಡದ ಕಣ ಉಳಿದುಕೊಂಡುವು. ನೇಕಾರನು ಗಿರಣಿಯ ನೂಲನ್ನು ಕೊಂಡು ಮಗ್ಗ ನಡೆಸಿದನು. ನೂಲುವವಳಿಗೆ ಅಂತಹ ಆಸರೆ ಇರಲಿಲ್ಲ. ಮನೆಯ ಜಗಲಿಯ ಮೇಲೆ, ಬಡವೆಗೂ ವಿಧವೆಗೂ ಕೈಗೆಟುಕುತ್ತಿದ್ದ ಕಾಯಕ ಸದ್ದಿಲ್ಲದೆ ನಿಂತುಹೋಯಿತು. ಮಗ್ಗದ ಅಳಿವು ಉಳಿವುಗಳನ್ನು ಚರ್ಚಿಸುವ ಗ್ರಂಥಗಳಲ್ಲಿ ಈ ನಷ್ಟಕ್ಕೆ ದೊರೆತಿರುವ ಸ್ಥಳ ಅತ್ಯಲ್ಪ.

ಕಾರವಾರಕ್ಕಾದರೂ ಲಾಭವಾಯಿತೆ? 1865ರಲ್ಲಿ ಅಮೆರಿಕದ ಯುದ್ಧ ಮುಗಿದು ಹತ್ತಿಯ ಬೆಲೆ ಕುಸಿಯಿತು. ಕಾರವಾರ–ಹುಬ್ಬಳ್ಳಿ ರೈಲಿನ ಯೋಜನೆ ಚರ್ಚೆಯಲ್ಲಿಯೇ ಕಮರಿತು. 1888ರಲ್ಲಿ ಪೋರ್ತುಗೀಜರ ಮುರಗಾವಿ ಬಂದರಿಗೆ ರೈಲು ಬಂದ ಮೇಲೆ ಸರಕು ಅತ್ತ ಹರಿಯಿತು. ಇಲ್ಲಿ ಕಚೇರಿ, ನ್ಯಾಯಾಲಯಗಳು ಉಳಿದುವು. ಹುಬ್ಬಳ್ಳಿ–ಅಂಕೋಲಾ ರೈಲುಮಾರ್ಗ ಇಂದಿಗೂ ಪೂರ್ಣಗೊಂಡಿಲ್ಲ.

1930ರ ಏಪ್ರಿಲ್ 13ರಂದು ಅಂಕೋಲೆಯಲ್ಲಿ ಎಂ. ಪಿ. ನಾಡಕರ್ಣಿಯವರ ಮುಂದಾಳುತನದಲ್ಲಿ ಉಪ್ಪಿನ ಕಾನೂನನ್ನು ಮುರಿದರು. ವಿದೇಶೀ ವಸ್ತ್ರದ ಬಹಿಷ್ಕಾರವೂ ನೂಲುವಿಕೆಯೂ ಅದೇ ಚಳುವಳಿಯ ಅಂಗಗಳಾಗಿದ್ದುವು. ಹತ್ತಿಯ ಬಂಡಿಗಳು ಇಳಿದುಬಂದ ಊರಿಗೆ ರಾಟೆ ಹೀಗೆ ಹಿಂದಿರುಗಿತು. ಆದರೆ ಬಂದುದು ವ್ರತವಾಗಿ, ಹೊಟ್ಟೆಪಾಡಾಗಿ ಅಲ್ಲ. ಇಂದು ರೆಮ್ಮವ್ವೆಯ ವಚನವನ್ನು ಬೋಧಿಸುವ ಉಪಾಧ್ಯಾಯನು ಮೊದಲು ಕರಿಹಲಗೆಯ ಮೇಲೆ ರಾಟೆಯ ಚಿತ್ರ ಬರೆದು, ಕದಿರು ಯಾವುದು, ಹಂಜಿ ಎಂದರೇನು ಎಂದು ತೋರಿಸಿ, ಆ ಬಳಿಕ ವಚನಕ್ಕೆ ಬರಬೇಕಾಗಿದೆ.