ಅಂಕಿತವಿಲ್ಲದ ವಾರ್ತೆ

ಮುಧೋಳ ಸೀಮೆಯ ಹಲಗಲಿಯ ಬೇಡರು 1857ರಲ್ಲಿ ಆಯುಧಗಳನ್ನೊಪ್ಪಿಸಲೊಲ್ಲದೆ ಆಂಗ್ಲರ ದಂಡಿಗೆ ಎದುರಾದ ಸಂಗತಿಯನ್ನು ಜನರ ಕಿವಿಗೆ ಮುಟ್ಟಿಸಿದ್ದು ಲಾವಣಿ. ಅದನ್ನು ಸಂಗ್ರಹಿಸಿ ಅಚ್ಚಿಗೆ ತಂದವರು ಫ್ಲೀಟ್ ಸಾಹೇಬರು. ಆ ಲಾವಣಿಯಲ್ಲಿ ಕುರ್ತಕೋಟಿಯ ಕಲ್ಮೇಶನ ಅಂಕಿತವಿದೆ. ವಿದ್ಯಾರ್ಥಿಗಳು ಅಂಕಿತವನ್ನು ದೈವಸ್ಮರಣೆಯೆಂದಷ್ಟೇ ಓದುವುದುಂಟು. ಕೇಳುಗನಿಗೆ ಅದು ಊರಿನ ಗುರುತೂ ಹೌದು. ಮಾತು ಸುಳ್ಳಾದರೆ ಎಲ್ಲಿಗೆ ಹೋಗಿ ವಿಚಾರಿಸಬೇಕೆಂಬುದು ಅದರಿಂದ ತಿಳಿಯುತ್ತಿತ್ತು.

ಇಂದಿನ ವಾರ್ತೆಗೆ ಅಂಕಿತವಿಲ್ಲ. 2018ರ ಜುಲೈಯಲ್ಲಿ ಬೀದರ ಜಿಲ್ಲೆಯ ಮುರ್ಕಿಯಲ್ಲಿ, ಮಕ್ಕಳಿಗೆ ಚಾಕೊಲೇಟು ಕೊಟ್ಟಿದ್ದ ಪರಸ್ಥಳದವರನ್ನು ಮಕ್ಕಳ ಕಳ್ಳರೆಂದು ಬಗೆದು, ಹೈದರಾಬಾದಿನ ಎಂಜಿನಿಯರನೊಬ್ಬನನ್ನು ಗುಂಪು ಬಡಿದು ಕೊಂದಿತು. ವಾಟ್ಸಾಪಿನಲ್ಲಿ ಹಬ್ಬಿದ ವದಂತಿ ಅದಕ್ಕೆ ಕಾರಣ. ಇಂಥ ಸಂದೇಶ ಕಳಿಸುವವರು ಯಾರು? ಭಾವ, ಗೆಳೆಯ, ಓಣಿಯ ಹಿರಿಯ. ಕಳಿಸಿದವನನ್ನು ನಂಬುತ್ತೇವೆ, ಮೊದಲು ಬರೆದವನನ್ನು ಬಲ್ಲವರಿಲ್ಲ.

ನಂಬಿಕೆಯನ್ನು ಅಂಕಿಗಳಲ್ಲಿ ಅಳೆಯುವ ಯತ್ನವೂ ನಡೆದಿದೆ. ಅಮೆರಿಕದ ಮೇರಿಲ್ಯಾಂಡ್ ವಿಶ್ವವಿದ್ಯಾಲಯದಲ್ಲಿ ಜೆನಿಫರ್ ಗೋಲ್ಬೆಕ್ ಎಂಬ ವಿದುಷಿ 2005ರಲ್ಲಿ ಈ ವಿಷಯವಾಗಿ ಪ್ರೌಢಪ್ರಬಂಧವನ್ನೇ ಬರೆದರು. ಅವರ ವಿಧಾನ ನಮ್ಮ ಸೀಮೆಗೆ ಹೊಸದೇನಲ್ಲ. ಬನಹಟ್ಟಿಯ ನೇಕಾರನು ಗುರುತಿಲ್ಲದ ವ್ಯಾಪಾರಿಗೆ ಸೀರೆಗಳನ್ನು ಉದ್ದರಿ ಕೊಡುವ ಮುನ್ನ ರಬಕವಿಯ ಪರಿಚಿತನನ್ನು ಕೇಳುತ್ತಾನೆ, ಅವನು ಜಮಖಂಡಿಯ ಮತ್ತೊಬ್ಬನನ್ನು. ಕೊಂಡಿಗಳು ಕಡಿಮೆಯಾದಷ್ಟೂ ಮಾತಿಗೆ ಬೆಲೆ. ಹೆಚ್ಚು ನಂಬಿಕೆಯವನ ಮಾತಿಗೆ ಹೆಚ್ಚು ತೂಕ. ಗಣಕಯಂತ್ರ ಇದನ್ನೇ ಸಾವಿರಾರು ಜನರ ನಡುವೆ ಲೆಕ್ಕ ಹಾಕುತ್ತದೆ. ಆದರೆ ಸೀರೆಯ ಹಣ ತಪ್ಪದೆ ಕೊಡುವವನು ಔಷಧದ ಮಾತಿನಲ್ಲಿಯೂ ನಂಬತಕ್ಕವನೇ? ನೇಕಾರನಿಗೆ ಈ ಭೇದ ಗೊತ್ತು, ಯಂತ್ರಕ್ಕೆ ಹೇಳಿಕೊಡಬೇಕು.

ತಲೆಗಳ ಎಣಿಕೆಯಂತೂ ಅಳತೆಯೇ ಅಲ್ಲ. ಟ್ವಿಟರಿನಲ್ಲಿ 2006ರಿಂದ 2017ರವರೆಗೆ ಹರಿದಾಡಿದ ಸುಮಾರು 1,26,000 ಸುದ್ದಿಗಳನ್ನು ಎಂ.ಐ.ಟಿ.ಯ ವಿದ್ವಾಂಸರು ಪರಿಶೀಲಿಸಿದಾಗ, ಸುಳ್ಳನ್ನು ಜನರು ಮುಂದೆ ಸಾಗಿಸುವ ಸಂಭವ ನಿಜಕ್ಕಿಂತ ನೂರಕ್ಕೆ 70ರಷ್ಟು ಹೆಚ್ಚೆಂದು ಕಂಡುಬಂದಿತು. ಮುರ್ಕಿಯ ಘಟನೆ ನಡೆದ ತಿಂಗಳಲ್ಲಿಯೇ ವಾಟ್ಸಾಪು ಭಾರತದಲ್ಲಿ ಒಂದು ಸಂದೇಶವನ್ನು ಒಮ್ಮೆಗೆ ಐದು ಕಡೆಗೆ ಮಾತ್ರ ಸಾಗಿಸಬಹುದೆಂಬ ಮಿತಿಯನ್ನು ಸಾರಿತು. ಅದು ವೇಗಕ್ಕೆ ಹಾಕಿದ ಕಡಿವಾಣ. ನಿಜ ಯಾವುದೆಂದು ಹೇಳುವ ಶಕ್ತಿ ಅದಕ್ಕಿಲ್ಲ.

2019ರ ಆಗಸ್ಟಿನಲ್ಲಿ ಕೃಷ್ಣೆ ಜಮಖಂಡಿ ಸೀಮೆಯ ದಂಡೆಯ ಹಳ್ಳಿಗಳಿಗೆ ನುಗ್ಗಿದಳು, ಘಟಪ್ರಭೆ ಮುಧೋಳದತ್ತ ಉಕ್ಕಿದಳು. ಅಂಥ ರಾತ್ರಿ “ಮೇಲಿನಿಂದ ನೀರು ಬಿಟ್ಟಿದ್ದಾರೆ” ಎಂಬ ಸಂದೇಶ ಬಂದರೆ ದನಗಳನ್ನು ಬಿಚ್ಚಬೇಕೋ ಬೇಡವೋ? ಬಲ್ಲ ರೈತನು ಸಂದೇಶ ಎಷ್ಟು ಜನರಿಂದ ಬಂದಿತೆಂದು ಎಣಿಸುತ್ತ ಕೂರುವುದಿಲ್ಲ. ಕುಡಚಿಯ ಬೀಗರಿಗೆ ಕರೆ ಮಾಡಿ, “ಮಾವಾರ, ನೀರು ನಿಮ್ಮಲ್ಲಿ ಎಲ್ಲೀತನಕಾ ಬಂದದ?” ಎಂದು ಕೇಳುತ್ತಾನೆ.