ಎದೆಯ ನೋವಿಗೆ ಬೆನ್ನಿನಲ್ಲಿ ಮದ್ದು

ಮುರಿದ ಕಾಲನ್ನು ದಿಂಬಿನ ಮೇಲಿಟ್ಟು ಅಲುಗದಂತೆ ಕಾಪಾಡಬಹುದು. ಎದೆಗೂಡಿಗೆ ಆ ವಿಶ್ರಾಂತಿಯಿಲ್ಲ. ನಿಮಿಷಕ್ಕೆ 15 ಉಸಿರೆಂದರೂ ದಿನಕ್ಕೆ 21,600 ಸಲ ಅದು ಹಿಗ್ಗಿ ಕುಗ್ಗಲೇಬೇಕು. ಶ್ವಾಸಕೋಶದ ಗಂತಿಯನ್ನು ತೆಗೆಯಲು ಎದೆಯನ್ನು ತೆರೆಯುವಾಗ ಶಸ್ತ್ರವೈದ್ಯರು ಎರಡು ಪಕ್ಕೆಲುಬುಗಳನ್ನು ಅಗಲಿಸುತ್ತಾರೆ. ಅವುಗಳ ಅಂಚಿನಲ್ಲಿ ಸಾಗುವ ನರಗಳೂ ಜಗ್ಗುತ್ತವೆ. ಆಮೇಲೆ ಪ್ರತಿ ಉಸಿರೂ ಗಾಯವನ್ನು ಎಳೆಯುವುದು. ನೋವಿಗೆ ಅಂಜಿದ ರೋಗಿ ಅರೆಯುಸಿರೆಳೆದು ಕೆಮ್ಮನ್ನು ನುಂಗಿಕೊಳ್ಳುತ್ತಾನೆ. ಕಫ ಒಳಗೇ ನಿಲ್ಲುವುದು, ಗಾಳಿಗೂಡುಗಳು ಕುಸಿಯುವುವು, ನ್ಯುಮೋನಿಯ ಹೊಂಚುಹಾಕುವುದು. ಮಾರ್ಫೀನನ್ನು ರಕ್ತಕ್ಕೆ ಧಾರಾಳವಾಗಿ ಕೊಡೋಣವೆಂದರೆ, ಅದು ಮಿದುಳಿನ ಉಸಿರಾಟದ ಕೇಂದ್ರವನ್ನೇ ಮಂಕುಗೊಳಿಸೀತು.

ಆದುದರಿಂದ ನೋವಿನ ವಾರ್ತೆಯನ್ನು ದಾರಿಯಲ್ಲಿಯೇ ತಡೆಯಬೇಕು. ಎದೆಯ ನರಗಳೆಲ್ಲ ಬೆನ್ನುಹುರಿಯನ್ನು ಸೇರುತ್ತವಷ್ಟೆ. ಹುರಿಯನ್ನು ಡ್ಯೂರಾ ಎಂಬ ಗಟ್ಟಿ ಪೊರೆ ಸುತ್ತಿದೆ. ಅದರ ಹೊರಗೆ, ಕೊಬ್ಬು ಮತ್ತು ರಕ್ತನಾಳಗಳಿಂದ ಕೂಡಿದ ಇಕ್ಕಟ್ಟಾದ ಒಂದು ಎಡೆಯುಂಟು. ಅದೇ ಎಪಿಡ್ಯೂರಲ್ ಅವಕಾಶ. ಎದೆಯ ಮಟ್ಟದಲ್ಲಿ ಅದರ ದಪ್ಪ ಕೆಲವೇ ಮಿಲಿಮೀಟರು. ಅದರಾಚೆ ಬೆನ್ನುಹುರಿ! ಕಣ್ಣಿಗೆ ಕಾಣದ ಈ ಎಡೆಯಲ್ಲಿ ಸೂಜಿಯನ್ನು ನಿಲ್ಲಿಸುವುದು ಹೇಗೆ?

ಇಲ್ಲಿ ಭೌತಶಾಸ್ತ್ರವು ನೆರವಿಗೆ ಬರುವುದು. 1930ರ ದಶಕದಲ್ಲಿ ಇಟಲಿಯ ಶಸ್ತ್ರವೈದ್ಯ ದೊಲ್ಯೊತ್ತಿ ಪ್ರಚಾರಕ್ಕೆ ತಂದ ವಿಧಾನವನ್ನು ನೋಡೋಣ. ಸೂಜಿಗೆ ಉಪ್ಪುನೀರು ತುಂಬಿದ ಪಿಚಕಾರಿಯನ್ನು ಜೋಡಿಸಿ, ಆಡುಬೆಣೆಯನ್ನು ಹೆಬ್ಬೆರಳಿನಿಂದ ಒತ್ತುತ್ತ ಮೆಲ್ಲನೆ ಮುಂದೊತ್ತುವುದು. ಕಶೇರುಗಳನ್ನು ಬಿಗಿದಿರುವ ಹಳದಿ ಅಸ್ಥಿರಜ್ಜುವಿನಲ್ಲಿ ತುದಿ ಇರುವವರೆಗೆ ನೀರಿಗೆ ಹೋಗಲೆಡೆಯಿಲ್ಲ; ನೀರೋ ಕುಗ್ಗದ ವಸ್ತು; ಬೆಣೆ ಕಲ್ಲಿನಂತೆ ನಿಲ್ಲುತ್ತದೆ. ತುದಿ ರಜ್ಜುವನ್ನು ದಾಟಿದೊಡನೆ ತಡೆ ಮಾಯವಾಗಿ ಬೆಣೆ ತಟ್ಟನೆ ಜಾರುತ್ತದೆ. ತರಗತಿಯಲ್ಲಿ ನಾವು ಪಾಸ್ಕಲನ ನಿಯಮಕ್ಕೆ ಕೊಡುವ ಉದಾಹರಣೆಗಳಲ್ಲಿ ಇಷ್ಟು ಸೊಗಸಾದುದು ಮತ್ತೊಂದಿಲ್ಲವೆಂದೇ ನಮ್ಮ ಎಣಿಕೆ. ಬ್ಯೂನಸ್ ಐರಿಸ್‌ನ ಗುಟಿಯೆರೆಸ್ ಅವರದು ಇನ್ನೊಂದು ಉಪಾಯ: ಸೂಜಿಯ ಹೊರಬಾಯಲ್ಲಿ ಒಂದು ಹನಿ ನೀರು ತೂಗಿಸಿದರೆ, ಎಡೆಯನ್ನು ಹೊಕ್ಕಾಗ ಹನಿ ಒಳಕ್ಕೆ ಸೆಳೆಯಲ್ಪಡುತ್ತದೆ.

ಸ್ಪೇನಿನ ಸೈನ್ಯವೈದ್ಯ ಪಾಹೆಸ್ 1921ರಲ್ಲಿ ಈ ಎಡೆಗೆ ಮದ್ದನ್ನು ಚುಚ್ಚಿ ಶಸ್ತ್ರಕ್ರಿಯೆ ನಡೆಸಿದುದನ್ನು ವರದಿಮಾಡಿದ್ದರು. ಆದರೆ ಒಂದು ಚುಚ್ಚಿನ ಪ್ರಭಾವ ಕೆಲವು ಗಂಟೆ ಮಾತ್ರ. 1947ರಲ್ಲಿ ಹವಾನಾದ ಕುರ್ಬೆಲೊ, ತುದಿ ಬಾಗಿದ ಟೂಯಿ ಸೂಜಿಯ ಮೂಲಕ ಮೂತ್ರನಾಳಕ್ಕೆ ಬಳಸುವ ತೆಳು ಕ್ಯಾಥಿಟರನ್ನೇ ಒಳಗೆ ತೂರಿಸಿ, ಸೂಜಿಯನ್ನು ಹಿಂದೆಗೆದು, ನಳಿಕೆಯನ್ನು ಅಲ್ಲಿಯೇ ಬಿಟ್ಟರು. ಇಂದಿನ ಪ್ಲಾಸ್ಟಿಕ್ ನಳಿಕೆಯ ಹೊರವ್ಯಾಸ ಒಂದು ಮಿಲಿಮೀಟರಿಗೂ ಕಡಿಮೆ. ತ್ರಿಜ್ಯ ಅರ್ಧವಾದರೆ ಹರಿವು ಹದಿನಾರನೆಯ ಒಂದು ಪಾಲಿಗಿಳಿಯುವುದೆಂಬ ಪ್ವಾಸೆಯ ನಿಯಮವನ್ನು ವಾಚಕರು ನೆನೆಯಲಿ. ದ್ರವವನ್ನು ಸಣ್ಣ ಪಂಪೊಂದು ತಳ್ಳಬೇಕಾಗುತ್ತದೆ. ಗಂಟೆಗೆ 5ರಿಂದ 10 ಮಿಲಿಲೀಟರು, ಸಾಮಾನ್ಯವಾಗಿ ಬ್ಯುಪಿವಕೇನ್ ಮತ್ತು ಅತ್ಯಲ್ಪ ಫೆಂಟನಿಲ್. ಬ್ಯುಪಿವಕೇನ್ ನರತಂತುವಿನೊಳಕ್ಕೆ ಸೋಡಿಯಂ ಅಯಾನುಗಳು ನುಗ್ಗುವ ದ್ವಾರಗಳನ್ನು ಮುಚ್ಚುತ್ತದೆ; ವಿದ್ಯುತ್ ಸಂಕೇತ ಅಲ್ಲಿಗೇ ನಿಲ್ಲುತ್ತದೆ. ನಳಿಕೆ ಎದೆಯ ಮಧ್ಯಭಾಗದ ಕಶೇರುಗಳ ಮಟ್ಟದಲ್ಲಿರುವುದರಿಂದ ಕಾಲುಗಳ ಬಲ ಬಹುಮಟ್ಟಿಗೆ ಉಳಿಯುತ್ತದೆ, ರೋಗಿ ಎದ್ದು ನಡೆದಾಡಬಹುದು. ಮುಖ್ಯವಾಗಿ, ಧೈರ್ಯವಾಗಿ ಕೆಮ್ಮಬಹುದು.

ಅಪಾಯಗಳಿಲ್ಲವೆಂದಲ್ಲ. ರಕ್ತನಾಳಗಳನ್ನು ಬಿಗಿಹಿಡಿಯುವ ನರಗಳೂ ಮಂಕಾಗಿ ರಕ್ತದ ಒತ್ತಡ ಇಳಿಯಬಹುದು. ರಕ್ತವನ್ನು ಹೆಪ್ಪುಗಟ್ಟಗೊಡದ ಔಷಧಿ ಸೇವಿಸುವವರಲ್ಲಿ ಆ ಇಕ್ಕಟ್ಟಿನಲ್ಲೇ ರಕ್ತ ತುಂಬಿ ಬೆನ್ನುಹುರಿಯನ್ನು ಅದುಮೀತು. ಅದು ವಿರಳ, ಆದರೆ ಗಂಟೆಗಳೊಳಗೆ ಪರಿಹರಿಸದಿದ್ದರೆ ಕಾಲುಗಳು ಶಾಶ್ವತವಾಗಿ ಸೋಲಬಹುದು. ಈಚೆಗೆ ಸಣ್ಣ ರಂಧ್ರಗಳಿಂದಲೇ ಶಸ್ತ್ರಕ್ರಿಯೆ ಮುಗಿಸಿದಾಗ, ಬೆನ್ನೆಲುಬಿನ ಪಕ್ಕದಲ್ಲಿ ಮದ್ದು ಬಿಡುವ ಕ್ರಮವನ್ನೇ ಅನೇಕರು ಆರಿಸುತ್ತಾರೆ. ನಳಿಕೆಯನ್ನು ಸಾಮಾನ್ಯವಾಗಿ ಕೆಲವು ದಿನಗಳ ಬಳಿಕ ಹೊರಕ್ಕೆಳೆಯುತ್ತಾರೆ. ಎಳೆದವರು ಅದರ ತುದಿ ಇಡಿಯಾಗಿ ಬಂದಿದೆಯೇ ಎಂದು ನೋಡಿಯೇ ಮುಂದಿನ ಹಾಸಿಗೆಗೆ ಹೋಗುತ್ತಾರೆ.