ಫಿರಂಗಿ ಹೊತ್ತ ಪ್ರಯಾಣಿಕ ಹಡಗು

ಉಪವಿಭಾಗಾಧಿಕಾರಿಯಾಗಿದ್ದ ದಿನಗಳಲ್ಲಿ, ಚುನಾವಣೆ ಬಂತೆಂದರೆ ಖಾಸಗಿ ಬಸ್ಸು, ಲಾರಿಗಳನ್ನು ವಶಕ್ಕೆ ಪಡೆಯುವ ಆದೇಶಗಳ ಕಂತೆ ನನ್ನ ಮೇಜಿನ ಮೇಲೆ ಬೀಳುತ್ತಿತ್ತು. 1951ರ ಪ್ರಜಾಪ್ರತಿನಿಧಿ ಕಾಯ್ದೆ ಅದಕ್ಕೆ ಅವಕಾಶ ಕೊಡುತ್ತದೆ, ಬಾಡಿಗೆಯೂ ಸಲ್ಲುತ್ತದೆ. ಒಮ್ಮೆ ಲಾರಿ ಮಾಲೀಕರೊಬ್ಬರು ಆದೇಶದ ಪ್ರತಿ ಹಿಡಿದು ಬಂದು ಕೇಳಿದರು: ‘ಗಾಡಿಗೆ ಬಾಡಿಗೆ ಕೊಡ್ತೀರಿ ಸ್ವಾಮಿ, ಸರಿ. ನಮ್ಮ ಹುಡುಗನಿಗೆ ಏನಾದ್ರೂ ಆದ್ರೆ ಯಾರನ್ನ ಕೇಳ್ಲಿ?’ ನಿಯಮಾವಳಿ ತಿರುವಿ ಏನೋ ಒಂದು ಉತ್ತರ ಕೊಟ್ಟೆ. ಅವರಿಗೆ ಅದು ಒಪ್ಪಿಗೆಯಾದಂತೆ ಕಾಣಲಿಲ್ಲ.

ನಿವೃತ್ತಿಯ ನಂತರ ಎರಡನೆಯ ಮಹಾಯುದ್ಧದ ನೌಕಾ ಇತಿಹಾಸವನ್ನು ಓದುವ ಗೀಳು ಹತ್ತಿತು. ಅಲ್ಲಿ ‘ರಾವಲ್ಪಿಂಡಿ’ ಎಂಬ ಹಡಗಿನ ಕತೆ ಎದುರಾದಾಗ ಆ ಪ್ರಶ್ನೆ ಮತ್ತೆ ಕಿವಿಯಲ್ಲಿ ಮೊಳಗಿತು.

ಪಿ ಅಂಡ್ ಒ ಕಂಪನಿಯ ಈ ಹಡಗು 1925ರಲ್ಲಿ ಸಿದ್ಧವಾದದ್ದು; ತೂಕ ಹದಿನಾರು ಸಾವಿರ ಟನ್ನಿಗೂ ಅಧಿಕ. ರಾಂಚಿ, ರಣಪುರ, ರಾಜಪುತಾನ ಇದರ ಸೋದರಿಯರು. ಇಂಗ್ಲೆಂಡ್ ಮತ್ತು ಮುಂಬಯಿ ನಡುವೆ ಅಧಿಕಾರಿಗಳನ್ನೂ ಅವರ ಸಂಸಾರಗಳನ್ನೂ ಟಪಾಲನ್ನೂ ಹೊತ್ತು ತಿರುಗುವುದು ಇವುಗಳ ಕಸುಬು. 1939ರ ಆಗಸ್ಟ್‌ನಲ್ಲಿ, ಯುದ್ಧ ಘೋಷಣೆಗೆ ಕೆಲವೇ ದಿನಗಳ ಮುಂಚೆ, ಬ್ರಿಟಿಷ್ ನೌಕಾಪಡೆ ರಾವಲ್ಪಿಂಡಿಯನ್ನು ವಶಕ್ಕೆ ತೆಗೆದುಕೊಂಡಿತು. ಎಂಟು ಹಳೆಯ ಆರಿಂಚಿನ ಫಿರಂಗಿಗಳನ್ನು ಕೂರಿಸಲಾಯಿತು. ‘ಸಶಸ್ತ್ರ ವಾಣಿಜ್ಯ ಕ್ರೂಸರ್’ ಎಂಬ ಬಿರುದೂ ಬಂತು. ಆದರೆ ಉಕ್ಕಿನ ಕವಚವನ್ನು ಬಿರುದಿನೊಂದಿಗೆ ಹೊದಿಸಲಾಗುವುದಿಲ್ಲ. ಪ್ರಯಾಣಿಕರು ಗಾಳಿ ಸವಿಯಲೆಂದು ಎತ್ತರಕ್ಕೆ ಕಟ್ಟಿದ ಅದರ ಒಡಲು ವೈರಿಯ ಗುರಿಗೆ ಹೇಳಿ ಮಾಡಿಸಿದಂತಿತ್ತು.

ನಾಯಕ ಎಡ್ವರ್ಡ್ ಕೆನೆಡಿಗೆ ಆಗ ಅರವತ್ತು ವರ್ಷ. ನೌಕಾಪಡೆಯಿಂದ ಎಂದೋ ನಿವೃತ್ತರಾಗಿದ್ದವರನ್ನು ಮರಳಿ ಕರೆಸಲಾಗಿತ್ತು. (ಪಿಂಚಣಿಯ ದಾರಿ ಕಾಯುವ ನನ್ನ ಮನೆಬಾಗಿಲಿಗೆ ಅಂತಹ ಕರೆ ಬಂದಿದ್ದರೆ ಹೊರಡುತ್ತಿದ್ದೆನೇ ಎಂದು ಹಲವು ಸಲ ಕೇಳಿಕೊಂಡಿದ್ದೇನೆ.) ಸಿಬ್ಬಂದಿಯಲ್ಲಿಯೂ ಮೀಸಲು ಪಡೆಯವರು, ಪಿಂಚಣಿದಾರರು ಬಹಳ ಮಂದಿ. 1939ರ ನವೆಂಬರ್ 23ರ ಮುಸ್ಸಂಜೆ, ಐಸ್‌ಲ್ಯಾಂಡ್ ಮತ್ತು ಫೆರೋ ದ್ವೀಪಗಳ ನಡುವೆ ಕಾವಲಿದ್ದ ಈ ಹಡಗಿಗೆ ಜರ್ಮನಿಯ ‘ಶಾರ್ನ್‌ಹೋರ್ಸ್ಟ್’, ‘ನೈಸೆನೌ’ ಎಂಬ ಎರಡು ಮಹಾನೌಕೆಗಳು ಎದುರಾದವು. ಒಂದೊಂದರಲ್ಲಿಯೂ ಹನ್ನೊಂದಿಂಚಿನ ಒಂಬತ್ತು ಫಿರಂಗಿಗಳು. ನಿಲ್ಲಲು ಸೂಚನೆ ಬಂತು. ಕೆನೆಡಿ ನಿಲ್ಲಲಿಲ್ಲ, ವೈರಿ ಕಂಡ ಸುದ್ದಿಯನ್ನು ನಿಸ್ತಂತುವಿನಲ್ಲಿ ರವಾನಿಸಿ ಗುಂಡು ಹಾರಿಸಿದರು. ಒಂದು ಗುಂಡು ಶಾರ್ನ್‌ಹೋರ್ಸ್ಟ್‌ಗೆ ತಗುಲಿತು. ಮುಕ್ಕಾಲು ಗಂಟೆಯೊಳಗೆ ಎಲ್ಲವೂ ಮುಗಿಯಿತು. ಕೆನೆಡಿಯೂ ಸೇರಿ 238 ಮಂದಿ ಸತ್ತರು. ಕೊನೆಯ ಹನ್ನೊಂದು ಮಂದಿಯನ್ನು ನೀರಿನಿಂದೆತ್ತಿದ ‘ಚಿತ್ರಾಲ್’ ಕೂಡ ಹೀಗೆಯೇ ವೇಷ ಬದಲಿಸಿದ ಪಿ ಅಂಡ್ ಒ ಹಡಗು.

ಈ ಸಾಹಸವನ್ನು ಕೊಂಡಾಡುವುದು ಸುಲಭ, ನ್ಯಾಯವೂ ಹೌದು. ಆದರೆ ಅರ್ಥಶಾಸ್ತ್ರ ಓದಿದವನಿಗೆ ಲೆಕ್ಕ ಬಿಡುವುದಿಲ್ಲ. ಕ್ರೂಸರ್‌ಗಳ ಕೊರತೆಯಿದ್ದ ಬ್ರಿಟನ್ನಿಗೆ ಇದು ಅಗ್ಗದ ಪರಿಹಾರವಾಗಿ ಕಂಡಿತು: ಹಡಗು ಸಿದ್ಧವಾಗಿದೆ, ದೂರ ಸಾಗಬಲ್ಲದು, ಫಿರಂಗಿಗಳು ಉಗ್ರಾಣದಲ್ಲಿವೆ. ಆದರೆ ಅದೇ ಹಡಗು ಸೈನಿಕರನ್ನೋ ಸಾಮಗ್ರಿಯನ್ನೋ ಸಾಗಿಸಬಹುದಿತ್ತು. ‘ಅವಕಾಶ ವೆಚ್ಚ’ ಎಂದು ನಾವು ತರಗತಿಯಲ್ಲಿ ಬರೆದುಕೊಂಡದ್ದು ಇದನ್ನೇ. ರಾಜಪುತಾನವೂ 1941ರ ಏಪ್ರಿಲ್‌ನಲ್ಲಿ ಜಲಾಂತರ್ಗಾಮಿಗೆ ಬಲಿಯಾಯಿತು; 1942ರ ಏಪ್ರಿಲ್ 5ರಂದು ಜಪಾನೀ ವಿಮಾನಗಳು ಕೊಲಂಬೊ ಬಂದರಿನಲ್ಲಿ ‘ಹೆಕ್ಟರ್’ ಅನ್ನು ಮುಳುಗಿಸಿದವು. ಅಷ್ಟರಲ್ಲಿ ನೌಕಾಪಡೆಗೂ ಅರಿವಾಗಿರಬೇಕು. ಉಳಿದವುಗಳಲ್ಲಿ ಹಲವನ್ನು ಕ್ರಮೇಣ ಸೈನಿಕರನ್ನು ಸಾಗಿಸಲು ಬಳಸಲಾಯಿತು.

ಇನ್ನು ಮನುಷ್ಯರ ವಿಷಯ. ಟಿ.124 ಎಂಬ ಕರಾರಿಗೆ ಸಹಿ ಹಾಕಿದ ವಾಣಿಜ್ಯ ನಾವಿಕ ಹಳೆಯ ಸಂಬಳವನ್ನೇ ಪಡೆದು ನೌಕಾಪಡೆಯ ಶಿಸ್ತಿಗೆ ಒಳಪಡುತ್ತಿದ್ದ. ನಿನ್ನೆಯವರೆಗೆ ಊಟ ಬಡಿಸುತ್ತಿದ್ದವನು ಇಂದು ಯುದ್ಧನೌಕೆಯ ಸಿಬ್ಬಂದಿ. ಸರಕು ಹಡಗುಗಳಲ್ಲೇ ಉಳಿದವರಿಗಂತೂ ಒಂದು ಯಾನಕ್ಕೊಂದು ಕರಾರು; ನಿರಂತರ ಉದ್ಯೋಗದ ಭರವಸೆ ದೊರೆತದ್ದು 1941ರ ಮೇ ತಿಂಗಳ ಸರ್ಕಾರಿ ಆದೇಶದಿಂದ. ಆ ವೇಳೆಗೆ ಯುದ್ಧ ಶುರುವಾಗಿ ಇಪ್ಪತ್ತು ತಿಂಗಳಾಗಿತ್ತು. ಹಡಗಿನ ವಶಕ್ಕೆ ಆದೇಶ ಹೊರಡಿಸಲು ಬೇಕಾದದ್ದು ಕೆಲವೇ ದಿನ.

ಹಳೆಯ ಕಾಲದ ಮಾತು ಇದೆಂದು ತಳ್ಳಿಹಾಕುವಂತಿಲ್ಲ. 1982ರ ಫಾಕ್‌ಲ್ಯಾಂಡ್ಸ್ ಯುದ್ಧಕ್ಕೆ ಬ್ರಿಟನ್ ವಶಕ್ಕೆ ಪಡೆದ ‘ಅಟ್ಲಾಂಟಿಕ್ ಕನ್ವೇಯರ್’ ಎಂಬ ಕಂಟೇನರ್ ಹಡಗು ಯುದ್ಧವಿಮಾನ, ಹೆಲಿಕಾಪ್ಟರ್‌ಗಳನ್ನು ಹೊತ್ತು ಹೊರಟಿತು. ಕ್ಷಿಪಣಿಯನ್ನು ದಾರಿ ತಪ್ಪಿಸುವ ಸಾಧನ ಸುತ್ತಲಿನ ಯುದ್ಧನೌಕೆಗಳಲ್ಲಿತ್ತು, ಇದರಲ್ಲಿರಲಿಲ್ಲ. ಮೇ 25ರಂದು ಅರ್ಜೆಂಟೀನಾದ ಎಕ್ಸೋಸೆಟ್ ಕ್ಷಿಪಣಿ ಬಂದು ಬಡಿದದ್ದು ಇದಕ್ಕೆ. ಒಳಗಿದ್ದ ಹೆಲಿಕಾಪ್ಟರ್‌ಗಳು ಸುಟ್ಟುಹೋದ್ದರಿಂದ ಸೈನಿಕರು ಬೆನ್ನ ಮೇಲೆ ಹೊರೆ ಹೊತ್ತು ಜೌಗು ನೆಲದಲ್ಲಿ ದ್ವೀಪದುದ್ದಕ್ಕೂ ನಡೆಯಬೇಕಾಯಿತು. ಸತ್ತ 12 ಮಂದಿಯಲ್ಲಿ ಹಡಗಿನ ನಾಯಕ ಇಯಾನ್ ನಾರ್ತ್ ಒಬ್ಬರು. ಅವರು ನೌಕಾಪಡೆಯವರಲ್ಲ, ಕಂಪನಿಯ ನೌಕರ.